ಎಷ್ಟು ತೊಳೆಯುತ್ತೀರೋ ಅಷ್ಟೇ ಬ್ರಷ್ ಕೊಳ್ಳಿ

ಹೋದ ಭಾನುವಾರ ಮುಖಕ್ಕೆ ಫೌಂಡೇಶನ್ ಹಚ್ಚುವ ಮೇಕಪ್ ಬ್ರಷ್ ತೊಳೆಯುತ್ತಿದ್ದೆ. ನೀರು ಹಿಂಡೋಣ ಅಂತ ಸ್ವಲ್ಪ ತಿರುಚಿದೆ ಅಷ್ಟೇ. ಹಿಡಿ ನನ್ನ ಕೈಯಲ್ಲೇ ಉಳಿಯಿತು, ತಲೆ ಟಪ್ ಅಂತ ಸಿಂಕಿಗೆ ಬಿತ್ತು.

ಬ್ರಷ್ಷಿನ ತಪ್ಪೇನೂ ಇಲ್ಲ. ತಪ್ಪೆಲ್ಲ ನನ್ನದೇ. ಇಷ್ಟು ದಿನ ಅದರ ತಲೆ ಮೇಲೆ ಮಾಡಿ ನಲ್ಲಿ ಕೆಳಗೆ ಹಿಡಿಯುತ್ತಿದ್ದೆ, ತೊಳೆದಾದ ಮೇಲೆ ಹಸಿಹಸಿಯಾಗಿಯೇ ಲೋಟದಲ್ಲಿ ನಿಲ್ಲಿಸುತ್ತಿದ್ದೆ. ನೋಡಲು ಹೂವಿನ ಗೊಂಚಲಿನ ಹಾಗೆ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ನೀರು ಕೆಳಗೇ ತಾನೇ ಇಳಿಯುವುದು? ಕೂದಲನ್ನು ಹಿಡಿಗೆ ಸೇರಿಸುವ ಲೋಹದ ಕೊಳವೆ ಇರುತ್ತದಲ್ಲ, ಫೆರೂಲ್ ಅನ್ನುತ್ತಾರೆ, ಅದರೊಳಗೆ ಅಂಟು ಇರುತ್ತದೆ. ನೀರು ಅಲ್ಲಿಗೆ ಹೋಗಿ ಕೂರುತ್ತದೆ. ಅಂಟು ಸಡಿಲವಾಗುತ್ತದೆ, ಮರದ ಹಿಡಿ ಉಬ್ಬಿ ಮತ್ತೆ ಒಣಗಿ ಬಣ್ಣ ಬಿರುಕು ಬಿಡುತ್ತದೆ. ನನ್ನ ಬ್ರಷ್ ಪಾಪ ಮೊದಲೇ ಸೂಚನೆ ಕೊಟ್ಟಿತ್ತು. ಮೊದಲು ಒಂದೊಂದೇ ಕೂದಲು ಕೆನ್ನೆಗೆ ಅಂಟಿಕೊಂಡು ಬರುತ್ತಿತ್ತು, ಆಮೇಲೆ ತಲೆ ಅಲ್ಲಾಡತೊಡಗಿತು. ನಾನೇ ಕಂಡೂ ಕಾಣದವಳ ಹಾಗೆ ಇದ್ದೆ.

ಸಿಂಕಿನ ಮುಂದೆ ನಿಂತು ಯೋಚಿಸಿದಾಗ ಅನಿಸಿದ್ದು ಇಷ್ಟು. ನಾವೆಲ್ಲ ಬ್ರಷ್ ಕೊಳ್ಳುವುದರ ಬಗ್ಗೆ ತಲೆ ಕೆಡಿಸಿಕೊಳ್ಳುವಷ್ಟು ತೊಳೆಯುವುದರ ಬಗ್ಗೆ ಕೆಡಿಸಿಕೊಳ್ಳುವುದೇ ಇಲ್ಲ. ನಾನು ಮೊದಲು ಕೊಂಡದ್ದು 24 ಬ್ರಷ್ಷಿನ ಸೆಟ್. ಮಡಚುವ ಚೀಲ, ಒಂದೊಂದಕ್ಕೂ ಒಂದೊಂದು ಜೇಬು. ಎಷ್ಟು ಬಳಸಿದೆ ಅಂದರೆ ಐದು. ಉಳಿದ ಹತ್ತೊಂಬತ್ತರಲ್ಲಿ ಕೆಲವು ಏತಕ್ಕೆ ಅಂತ ಇವತ್ತಿಗೂ ನನಗೆ ಅರ್ಥವಾಗಿಲ್ಲ. ಬೀಸಣಿಗೆ ಆಕಾರದ್ದೊಂದಿತ್ತು, ಅದರಿಂದ ಲ್ಯಾಪ್‌ಟಾಪ್ ಕೀಬೋರ್ಡಿನ ಧೂಳು ಚೆನ್ನಾಗಿ ಹೋಗುತ್ತದೆ. ಹೀಗೆ ಜಾಸ್ತಿ ಇದ್ದರೆ ಆಗುವುದೇನು ಗೊತ್ತಾ? ಒಂದು ಕೊಳೆಯಾದರೆ ಇನ್ನೊಂದು ತೆಗೆಯುತ್ತೇವೆ, ಅದೂ ಕೊಳೆಯಾದರೆ ಮತ್ತೊಂದು, ಕೊನೆಗೆ ಎಲ್ಲವೂ ಕೊಳೆಯಾಗಿ, ಅಷ್ಟನ್ನೂ ಒಟ್ಟಿಗೆ ನೋಡಿದರೆ ತೊಳೆಯಲು ಮನಸ್ಸೇ ಬರುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಒಂದು ಸಲಕ್ಕೆ ಬೇಸರವಿಲ್ಲದೆ ಎಷ್ಟು ತೊಳೆಯಬಲ್ಲಿರೋ ಅಷ್ಟೇ ಇಟ್ಟುಕೊಳ್ಳಿ.

ನನ್ನ ಲೆಕ್ಕಕ್ಕೆ ಐದು ಸಾಕು. ಫೌಂಡೇಶನ್ನಿಗೆ ದಟ್ಟವಾದದ್ದೊಂದು, ಪೌಡರಿಗೆ ದೊಡ್ಡದು ಮೆತ್ತನೆಯದೊಂದು, ಬ್ಲಶ್ಶಿಗೆ ಅದಕ್ಕಿಂತ ಚಿಕ್ಕದು, ಕಣ್ಣಿನ ಬಣ್ಣ ಹರಡಲು ತುದಿ ಉರುಟಾದ ಪುಟ್ಟ ಬ್ರಷ್, ಮತ್ತೆ ಹುಬ್ಬಿಗೆ ಒಂದು ಕಡೆ ಓರೆ, ಇನ್ನೊಂದು ಕಡೆ ಸುರುಳಿ ಇರುವಂಥದ್ದು. ಕಲೆ ಮುಚ್ಚುವ ಕನ್ಸೀಲರಿಗೆ ಬೆರಳೇ ಸಾಕು. ಬೆರಳಿನ ಬಿಸಿಗೆ ಅದು ಕರಗಿ ಚರ್ಮಕ್ಕೆ ಚೆನ್ನಾಗಿ ಕೂರುತ್ತದೆ, ಬೆರಳನ್ನು ತೊಳೆಯುವುದೂ ಸುಲಭ!

ಕೊಳ್ಳುವಾಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ, ನಿಜವಾದ ಕೂದಲಿನದೋ ಸಿಂಥೆಟಿಕ್ಕೋ ಅಂತ. ಆಡು, ಅಳಿಲು, ಕುದುರೆಯ ಕೂದಲಿನಿಂದ ಮಾಡುವ ಬ್ರಷ್‌ಗಳಿವೆ. ನಮ್ಮ ಕೂದಲಿನ ಹಾಗೇ ಅವುಗಳ ಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಪೊರೆಗಳಿರುತ್ತವೆ. ಪೌಡರ್ ಆ ಪೊರೆಗಳಲ್ಲಿ ಸಿಕ್ಕಿಕೊಂಡು ಮುಖದ ಮೇಲೆ ಸ್ವಲ್ಪಸ್ವಲ್ಪವೇ ಇಳಿಯುತ್ತದೆ. ಪೌಡರಿಗೆ ಅದರಷ್ಟು ಹಿತವಾದದ್ದಿಲ್ಲ ಅನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ಅದನ್ನೇ ದ್ರವದ ಫೌಂಡೇಶನ್ನಿಗೆ ಅದ್ದಿದರೆ ಅರ್ಧ ಫೌಂಡೇಶನ್ ಬ್ರಷ್ಷೇ ಕುಡಿದುಬಿಡುತ್ತದೆ. ಸಿಂಥೆಟಿಕ್ ಎಳೆ ಅಂದರೆ ನೈಲಾನ್ ಅಥವಾ ಪಾಲಿಯೆಸ್ಟರ್, ಮೈ ನುಣುಪು, ಒಳಗೆ ಹೀರಿಕೊಳ್ಳುವುದಿಲ್ಲ, ಕ್ರೀಮಿಗೂ ದ್ರವಕ್ಕೂ ಅದೇ ಸರಿ. ಬೇಗ ಒಣಗುತ್ತದೆ. ಪ್ರಾಣಿಯ ಕೂದಲು ಬೇಡ ಅನ್ನುವವರಿಗೂ ತೊಂದರೆಯಿಲ್ಲ. ಈಗ ಬರುವ ಸಿಂಥೆಟಿಕ್ಕಿನಲ್ಲಿ ಪೌಡರಿಗೂ ಒಳ್ಳೆಯವಿವೆ, ಹೊಸಬರು ಸುಮ್ನೆ ಅದನ್ನೇ ತೆಗೆದುಕೊಳ್ಳಿ.

ನಿಜ ಹೇಳಬೇಕೆಂದರೆ, ಕೂದಲು ಯಾವುದು ಅನ್ನುವುದಕ್ಕಿಂತ ಎಷ್ಟು ದಟ್ಟವಾಗಿದೆ ಅನ್ನುವುದೇ ಮುಖ್ಯ. ಅದನ್ನು ಯಾರೂ ಕೇಳುವುದಿಲ್ಲ. ಒತ್ತೊತ್ತಾಗಿ ಗಿಡ್ಡಗೆ ಇದ್ದರೆ ಬಣ್ಣ ಒಂದೇ ಕಡೆ ಗಾಢವಾಗಿ ಬೀಳುತ್ತದೆ. ಉದ್ದವಾಗಿ ಬಿಡಿಬಿಡಿಯಾಗಿದ್ದರೆ ತೆಳುವಾಗಿ ಹರಡುತ್ತದೆ. ಬ್ಲಶ್ ಹಚ್ಚಿಕೊಂಡರೆ ಯಾರೋ ಕೆನ್ನೆಗೆ ಹೊಡೆದ ಹಾಗೆ ಕಾಣುತ್ತದೆ ಅಂತ ನನ್ನ ಗೆಳತಿ ಬಣ್ಣ ಬದಲಿಸಿದ್ದೇ ಬದಲಿಸಿದ್ದು. ಬಣ್ಣದ್ದೇನೂ ತಪ್ಪಿರಲಿಲ್ಲ, ಫೌಂಡೇಶನ್ ಬ್ರಷ್ಷಿನಲ್ಲೇ ಬ್ಲಶ್ ಹಚ್ಚುತ್ತಿದ್ದಳು. ಇನ್ನು ಹಿಡಿಯ ಮೇಲಿನ ನಂಬರ್ ನೋಡಿ ಮೋಸ ಹೋಗಬೇಡಿ. ಒಂದೊಂದು ಕಂಪನಿಯದು ಒಂದೊಂದು ಲೆಕ್ಕ.

ಕೊಳ್ಳುವ ಮುಂಚೆ ಮುಟ್ಟಿ ನೋಡಲು ಸಿಕ್ಕರೆ, ತುದಿಯನ್ನು ಅಂಗೈ ಹಿಂಭಾಗಕ್ಕೆ ನೇರವಾಗಿ ಒತ್ತಿ. ಚುಚ್ಚಿದರೆ ಬೇಡ. ಆಕಾರಕ್ಕಾಗಿ ತುದಿ ಕತ್ತರಿಸಿದ ಕೂದಲು ಹಾಗೆ ಚುಚ್ಚುತ್ತದೆ. ಜಪಾನಿನ ಹಿರೋಶಿಮಾ ಪ್ರಾಂತ್ಯದಲ್ಲಿ ಕುಮಾನೊ ಅಂತ ಒಂದು ಊರಿದೆ, ಬ್ರಷ್ಷಿಗೇ ಹೆಸರುವಾಸಿ. ಮೊದಲು ಅಲ್ಲಿ ಬರೆಯುವ ಕುಂಚ ಮಾಡುತ್ತಿದ್ದರು, ಆ ಕಸುಬಿಗೆ 1975ರಲ್ಲಿ ಅಲ್ಲಿನ ಸರ್ಕಾರ ಸಾಂಪ್ರದಾಯಿಕ ಕುಶಲಕಲೆ ಅಂತ ಮಾನ್ಯತೆ ಕೊಟ್ಟಿತು. ಅದೇ ಕೈಚಳಕವನ್ನು ಮೇಕಪ್ ಬ್ರಷ್ಷಿಗೂ ತಂದರು. ತುದಿಗೆ ಕತ್ತರಿ ಹಾಕುವುದಿಲ್ಲ, ಕೂದಲನ್ನು ಜೋಡಿಸುವಾಗಲೇ ಆಕಾರ ಕೊಡುತ್ತಾರೆ. 2011ರಲ್ಲಿ ವಿಶ್ವಕಪ್ ಗೆದ್ದ ಜಪಾನಿನ ಮಹಿಳಾ ಫುಟ್‌ಬಾಲ್ ತಂಡಕ್ಕೆ ಸರ್ಕಾರ ಗೌರವ ಪ್ರಶಸ್ತಿಯ ಜೊತೆ ಉಡುಗೊರೆ ಕೊಟ್ಟದ್ದು ಕುಮಾನೊ ಮೇಕಪ್ ಬ್ರಷ್‌ಗಳನ್ನೇ. ನನಗೆ ಆ ಸುದ್ದಿ ಯಾಕೋ ತುಂಬಾ ಇಷ್ಟ.

ಬಳಸುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ವೀಡಿಯೊಗಳು ಬೇಕಾದಷ್ಟಿವೆ. ಒಂದೇ ಮಾತು, ಹಿಡಿಯ ಹಿಂದಿನ ತುದಿ ಹಿಡಿಯಿರಿ. ನಾವು ಪೆನ್ಸಿಲ್ ಹಿಡಿದ ಹಾಗೆ ಕೂದಲಿನ ಹತ್ತಿರವೇ ಹಿಡಿಯುತ್ತೇವೆ, ಒತ್ತಡ ಜಾಸ್ತಿಯಾಗಿ ಬಣ್ಣ ಪಟ್ಟೆಪಟ್ಟೆಯಾಗುತ್ತದೆ. ಹಿಂದೆ ಹಿಡಿದರೆ ಕೈ ತಾನಾಗಿಯೇ ಹಗುರವಾಗುತ್ತದೆ.

ಈಗ ತೊಳೆಯುವ ವಿಷಯಕ್ಕೆ ಬರೋಣ. ಅಮೆರಿಕದ ಚರ್ಮವೈದ್ಯರ ಅಕಾಡೆಮಿ ಹೇಳುವುದು 7ರಿಂದ 10 ದಿನಕ್ಕೊಮ್ಮೆ ಅಂತ. 'ನನ್ನ ಬ್ರಷ್ ನನ್ನ ಮುಖಕ್ಕೆ ಮಾತ್ರ ತಾನೇ' ಅಂತ ನಾನೂ ವಾದಿಸುತ್ತಿದ್ದೆ. ಮುಖದ ಎಣ್ಣೆ, ಸತ್ತ ಚರ್ಮ, ಹಳೆ ಕ್ರೀಮು, ಜೊತೆಗೆ ಒಂದಿಷ್ಟು ತೇವ, ಬ್ಯಾಕ್ಟೀರಿಯಾಕ್ಕೆ ಇನ್ನೇನು ಬೇಕು? 2019ರಲ್ಲಿ ಬ್ರಿಟನ್ನಿನ ಆಸ್ಟನ್ ವಿಶ್ವವಿದ್ಯಾಲಯದವರು ಜನ ಬಳಸುತ್ತಿದ್ದ ಮೇಕಪ್ ಸಾಮಾನುಗಳನ್ನು ಪರೀಕ್ಷೆ ಮಾಡಿದ್ದರು. ಫೌಂಡೇಶನ್ ಹಚ್ಚುವ ಸ್ಪಂಜುಗಳಲ್ಲಿ ಶೇಕಡ 93ರಷ್ಟನ್ನು ಒಂದು ಸಲವೂ ತೊಳೆದಿರಲಿಲ್ಲವಂತೆ. ಶೇಕಡ 64ರಷ್ಟು ಒಮ್ಮೆಯಾದರೂ ನೆಲಕ್ಕೆ ಬಿದ್ದಿದ್ದವಂತೆ. ಅದು ಸ್ಪಂಜಿನ ಲೆಕ್ಕ, ಬ್ರಷ್ಷಿನದಲ್ಲ. ಆದರೆ ಸ್ಪಂಜು ತೊಳೆಯದ ನಾವೇ ತಾನೇ ಬ್ರಷ್ಷನ್ನೂ ತೊಳೆಯದೆ ಇಡುವವರು, ಅಲ್ವಾ?

ನಾನು ತೊಳೆಯುವುದು ಹೀಗೆ. ನೀರು ಉಗುರುಬೆಚ್ಚಗಿರಬೇಕು, ಬಿಸಿ ಬೇಡ, ಬಿಸಿಗೆ ಅಂಟು ಬಿಡುತ್ತದೆ. ಕೂದಲು ಕೆಳಮುಖವಾಗಿರಬೇಕು, ತುದಿ ಮಾತ್ರ ನೆನೆಯಬೇಕು, ಲೋಹಕ್ಕೆ ನೀರು ತಾಗಬಾರದು. ಅಂಗೈಯಲ್ಲಿ ಮಗುವಿನ ಶಾಂಪೂ ಒಂದು ಹನಿ ಹಾಕಿಕೊಂಡು ಬ್ರಷ್ಷನ್ನು ಮೆಲ್ಲಗೆ ಸುತ್ತಿಸುತ್ತೇನೆ. ಫೌಂಡೇಶನ್ ಬ್ರಷ್ ಆದರೆ ಬರೀ ಶಾಂಪೂ ಸಾಲದು. ಎಣ್ಣೆ ಅಂಶದ ಫೌಂಡೇಶನ್ ಬುಡದಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಎಣ್ಣೆ ಹೋಗಲು ಎಣ್ಣೆಯೇ ಬೇಕು. ಅಡುಗೆ ಎಣ್ಣೆಯೇ ಎರಡು ಹನಿ ಒಣ ಬ್ರಷ್ಷಿಗೆ ತಾಗಿಸಿ ತಿಕ್ಕಿ, ಆಮೇಲೆ ಸೋಪು. ಮೊದಲನೇ ಸಲ ಬರುವ ನೀರು ನೋಡಬೇಕು ನೀವು. ಚಹಾದ ಬಣ್ಣದ ನೊರೆ ಬೆರಳ ಸಂದಿಯಿಂದ ಇಳಿಯುತ್ತದೆ. ಎರಡನೇ ಸಲ ಸ್ವಲ್ಪ ತಿಳಿ. ಇಷ್ಟು ಸಾಕು ಅಂತ ಅಂದುಕೊಂಡು ಬುಡವನ್ನು ಎರಡು ಬೆರಳಲ್ಲಿ ಒತ್ತಿದರೆ, ಅಲ್ಲಿಂದ ಮತ್ತೆ ಕಂದು ಬಣ್ಣ ಜಿನುಗುತ್ತದೆ! ಇಷ್ಟು ದಿನ ಇದನ್ನೇ ಮುಖಕ್ಕೆ ತಿಕ್ಕಿಕೊಂಡೆನಾ ಅನಿಸುತ್ತದೆ. ನೊರೆ ಬೆಳ್ಳಗಾಗುವವರೆಗೂ ನಿಲ್ಲಿಸಬೇಡಿ.

ತೊಳೆದದ್ದಕ್ಕಿಂತ ಒಣಗಿಸುವುದರಲ್ಲೇ ಬ್ರಷ್ ಜಾಸ್ತಿ ಹಾಳಾಗುವುದು, ನನ್ನದು ಹೋದದ್ದೂ ಹಾಗೇ. ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ, ತಿರುಚಬೇಡಿ. ಬೆರಳಿನಿಂದಲೇ ಆಕಾರ ಸರಿ ಮಾಡಿ. ಮೇಜಿನ ಅಂಚಿನಲ್ಲಿ, ತಲೆ ಹೊರಗೆ ಚಾಚಿಕೊಂಡಿರುವ ಹಾಗೆ ಅಡ್ಡ ಮಲಗಿಸಿ, ಆಗ ಗಾಳಿ ಎಲ್ಲ ಕಡೆಯಿಂದಲೂ ಆಡುತ್ತದೆ. ಟವೆಲ್ ಮೇಲೆ ಪೂರ್ತಿ ಮಲಗಿಸಿದರೆ ಅಡಿಭಾಗ ತೇವವಾಗಿಯೇ ಉಳಿದು ವಾಸನೆ ಹಿಡಿಯುತ್ತದೆ. ಹೇರ್ ಡ್ರೈಯರ್ ಆಸೆಗೆ ಹೋಗಬೇಡಿ. ಬೇಗ ಬೇಕು ಅಂದರೆ ಹಿಂದಿನ ರಾತ್ರಿಯೇ ತೊಳೆಯಬೇಕು, ಬೇರೆ ದಾರಿ ಇಲ್ಲ. ದಟ್ಟ ಬ್ರಷ್ ಒಂದು ರಾತ್ರಿಗೂ ಪೂರ್ತಿ ಒಣಗದೇ ಇರಬಹುದು, ತುದಿ ಮುಟ್ಟಿ ನೋಡಿ ಮೋಸ ಹೋಗಬೇಡಿ, ಬುಡ ಮುಟ್ಟಿ ನೋಡಿ.

ಸ್ಪ್ರೇ ಕ್ಲೀನರ್ ಇದೆಯಲ್ಲ ಅಂತ ಕೇಳುತ್ತೀರಿ. ಒಂದು ಬಣ್ಣದಿಂದ ಇನ್ನೊಂದಕ್ಕೆ ಹೋಗುವಾಗ ಸರಿ, ಮೇಲಿನ ಬಣ್ಣ ಒರೆಸಿಹೋಗುತ್ತದೆ. ಬುಡದ ಕೊಳೆಗೆ ಅದು ಮುಟ್ಟುವುದೇ ಇಲ್ಲ. ಅದರಲ್ಲಿ ಸಾಮಾನ್ಯವಾಗಿ ಇರುವ ಆಲ್ಕೋಹಾಲ್ ಪ್ರಾಣಿಯ ಕೂದಲಿಗೆ ದಿನಾ ಬಿದ್ದರೆ ಪೊರಕೆಯ ಹಾಗೆ ಬಿರುಸಾಗುತ್ತದೆ.

ಕಣ್ಣಿನ ಬ್ರಷ್ ವಿಷಯದಲ್ಲಿ ಮಾತ್ರ ನಾನು ಮುಲಾಜು ನೋಡುವುದಿಲ್ಲ. ಒಂದು ಸಮಾರಂಭದ ದಿನ ಅಕ್ಕ ನನ್ನ ಕಣ್ಣಿನ ಬ್ರಷ್ ತೆಗೆದುಕೊಂಡಳು, ನಾನೂ ಅದನ್ನೇ ಬಳಸಿದೆ. ಎರಡು ದಿನಕ್ಕೆ ನನ್ನ ರೆಪ್ಪೆಯ ಅಂಚಿನಲ್ಲಿ ಕುರು ಎದ್ದು ಕಣ್ಣು ಅರ್ಧ ಮುಚ್ಚಿಕೊಂಡಿತು. ಅದಕ್ಕೆ ಬ್ರಷ್ಷೇ ಕಾರಣ ಅಂತ ಪ್ರಮಾಣ ಮಾಡಿ ಹೇಳಲಾರೆ. ಆದರೂ ಆಮೇಲೆ ಕಣ್ಣಿನ ಬ್ರಷ್ ಯಾರಿಗೂ ಕೊಟ್ಟಿಲ್ಲ. ಅಕ್ಕನಿಗೂ ಇಲ್ಲ. 'ಜಿಪುಣಿ ಕಣೇ ನೀನು' ಅಂತ ಇವತ್ತಿಗೂ ಅನ್ನುತ್ತಾಳೆ, ಅನ್ನಲಿ. ಕಣ್ಣು ಕೆಂಪಾಗಿದ್ದಾಗ ಬಳಸಿದ ಬ್ರಷ್ಷನ್ನು ಮತ್ತೆ ಮುಟ್ಟುವ ಮುಂಚೆ ಚೆನ್ನಾಗಿ ತೊಳೆಯಿರಿ. ಮಸ್ಕಾರಾ ಆದರೆ ಯೋಚಿಸದೆ ಎಸೆಯಿರಿ.

ಇದನ್ನು ಬರೆಯುತ್ತಿರುವಾಗ ನನ್ನ ಬ್ರಷ್‌ಗಳು ಮೇಜಿನ ಅಂಚಿನಲ್ಲಿ ಸಾಲಾಗಿ ಮಲಗಿವೆ. ಐದಲ್ಲ, ನಾಲ್ಕು. ತಲೆ ಕಳಚಿದ್ದನ್ನು ಅಂಟು ಹಾಕಿ ಸೇರಿಸಿದೆ, ಸೊಟ್ಟಗೆ ಕೂತಿತು, ಅದನ್ನೂ ಕೀಬೋರ್ಡಿಗೇ ಇಟ್ಟಿದ್ದೇನೆ. ಈಗ ತಾನೇ ಪೌಡರ್ ಬ್ರಷ್ ಮುಟ್ಟಿ ನೋಡಿದೆ. ತುದಿ ಗರಿಗರಿ, ಬುಡ ಇನ್ನೂ ತಣ್ಣಗಿದೆ. ನಾಳೆ ಬೆಳಿಗ್ಗೆ ಎಂಟಕ್ಕೆ ಹೊರಡಬೇಕು, ಫೌಂಡೇಶನ್ನಿಗಂತೂ ಬೆರಳೇ ಗತಿ.