ಶುಭವಿವಾಹದ ಬೆನ್ನಿಗೆ ಯುದ್ಧ

ಮೂರು ತಿಂಗಳಿನಿಂದ ಐದು ಖಾನೆಗಳ ಡ್ರೈಫ್ರೂಟ್ಸ್ ಡಬ್ಬಿಯಲ್ಲಿ ನಾನು ಜತನವಾಗಿಟ್ಟಿದ್ದ ಲ್ಯಾಟಿನ್ ನಾಮಪದಗಳ ಕಾರ್ಡುಗಳನ್ನೆಲ್ಲ ನಿನ್ನೆ ಅಪ್ಪ ಓರಣ ಮಾಡಿಟ್ಟಿದ್ದಾರೆ. ಬಾಯಿಪಾಠವಾದ ಕಾರ್ಡು ಮುಂದಿನ ಖಾನೆಗೆ ಬಡ್ತಿ ಪಡೆಯಬೇಕು, ತಪ್ಪಿದ್ದು ಮರಳಿ ಮೊದಲನೆಯದಕ್ಕೆ ಬೀಳಬೇಕು ಎಂಬುದು 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಬರಹಗಾರ ಹೇಳಿಕೊಟ್ಟ ಪದ್ಧತಿ. ಅದರಲ್ಲಿ ನಿವೃತ್ತ ತಂದೆಯವರಿಗೆಂದು ಖಾನೆಯಿಲ್ಲ.

ಈ ಗೀಳು ಹತ್ತಿದ್ದು ಅರಳಿಮರದಿಂದ. ಅದರ ಸಸ್ಯಶಾಸ್ತ್ರೀಯ ಹೆಸರಾದ ‘ಫೀಕುಸ್ ರೆಲಿಗಿಯೋಸಾ’ದಲ್ಲಿ ಮೊದಲ ಪದ ಗಂಡಿನಂತೆ ‘ಉಸ್’ ಎನ್ನುತ್ತಿರುವಾಗ ವಿಶೇಷಣ ಮಾತ್ರ ಹೆಣ್ಣಾದದ್ದೇಕೆಂದು ಹುಡುಕಿದರೆ, ಲ್ಯಾಟಿನ್ನಿನಲ್ಲಿ ಮರಗಳು ಸಾಮಾನ್ಯವಾಗಿ ಸ್ತ್ರೀಲಿಂಗವಂತೆ! ಮರ, ಕಲ್ಲು, ಕೈ ಎಲ್ಲವನ್ನೂ ನಪುಂಸಕಕ್ಕೆ ಸೇರಿಸಿ ನೆಮ್ಮದಿಯಾಗಿದ್ದ ಕನ್ನಡಿಗರಿಗೆ ಇದು ಬೇಡದ ಉಸಾಬರಿ. ಒಡೆಯನೆಂಬ ‘ಡೊಮಿನುಸ್’ ಪುಲ್ಲಿಂಗ, ಕೈ ಎಂಬ ‘ಮನುಸ್’ ಸ್ತ್ರೀಲಿಂಗ, ದೇಹವೆಂಬ ‘ಕೊರ್ಪುಸ್’ ನಪುಂಸಕ. ಷಷ್ಠಿಯಲ್ಲಿ ಇವು ‘ಡೊಮಿನೀ’, ‘ಮನೂಸ್’, ‘ಕೊರ್ಪೊರಿಸ್’ ಎಂದು ಮೂರು ದಾರಿ ಹಿಡಿಯುವುದರಿಂದ, ಷಷ್ಠಿಯನ್ನೂ ಬರೆದುಕೊಳ್ಳದ ಕಾರ್ಡು ಇದ್ದೂ ಇಲ್ಲದಂತೆ. ಈ ಗೋಳನ್ನು ತೋಡಿಕೊಂಡರೆ ಅಪ್ಪ, “ಸಂಸ್ಕೃತದಲ್ಲಿ ಹೆಂಡತಿ ಎಂಬರ್ಥದ ‘ದಾರ’ ಶಬ್ದವೇ ಪುಲ್ಲಿಂಗ, ಸುಮ್ಮನೆ ಓದು” ಎಂದುಬಿಟ್ಟರು.

ಕಾರ್ಡುಗಳನ್ನು ನಾನು ಮಾಡಿಕೊಂಡದ್ದು ಹಳೆಯ ಲಗ್ನಪತ್ರಿಕೆಗಳಿಂದ. ದಪ್ಪ ಕಾಗದ, ಒಂದು ಬದಿ ಖಾಲಿ. ಒಂದು ಪತ್ರಿಕೆಗೆ ನಾಲ್ಕು ಕಾರ್ಡು. ಖಾಲಿ ಬದಿಯಲ್ಲಿ ಲ್ಯಾಟಿನ್, ಮುದ್ರಿತ ಬದಿಯ ಅಂಚಿನಲ್ಲಿ ಕೆಂಪು ಶಾಯಿಯ ಅರ್ಥ. ಹೀಗಾಗಿ ‘ಬೆಲ್ಲುಮ್’ ಕಾರ್ಡನ್ನು ತಿರುವಿದರೆ ‘ಶುಭವಿವಾಹ’ದ ಕೆಳಗೇ ‘ಯುದ್ಧ’ ಎಂದಿರುತ್ತದೆ. ಅದು ಬೆಲ್ಲವಲ್ಲ ಎಂಬುದನ್ನು ಈ ಜನ್ಮದಲ್ಲಿ ಮರೆಯಲಾರೆ.

ನಿನ್ನೆ ಸಂಜೆ ಬಂದು ನೋಡಿದರೆ ಡಬ್ಬಿ ಖಾಲಿ. ಅತ್ತೆಯ ಮಗನ ಮದುವೆ ಯಾವ ಛತ್ರದಲ್ಲಾಯಿತೆಂಬ ವಾದವನ್ನು ಫೋನಿನಲ್ಲಿ ಗೆಲ್ಲುವುದಕ್ಕಾಗಿ ಅಪ್ಪ ಇನ್ನೂರು ಚಿಲ್ಲರೆ ಕಾರ್ಡುಗಳನ್ನು ಊಟದ ಮೇಜಿನ ಮೇಲೆ ಹರಡಿ, ಗಣಪತಿಯ ಸೊಂಡಿಲಿಗೆ ಸೊಂಡಿಲು, ವರನ ಇನಿಷಿಯಲ್ಲಿಗೆ ವರನನ್ನು ಜೋಡಿಸಿ, ನಾನು ತುಂಡರಿಸಿದ ಐವತ್ತಕ್ಕೂ ಹೆಚ್ಚು ಸಂಸಾರಗಳನ್ನು ಮತ್ತೆ ಒಂದುಮಾಡಿ, ಒಂದೊಂದಕ್ಕೂ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದರು. ಐದನೆಯ ಖಾನೆಗೇರಿದ್ದ ‘ರೆಕ್ಸ್, ರೇಗಿಸ್’ ಎಂಬ ರಾಜನೀಗ ಮೊದಲ ಖಾನೆಯ ದಡ್ಡರೊಂದಿಗೆ ಒಂದೇ ಕಟ್ಟಿನಲ್ಲಿದ್ದಾನೆ. “ಛತ್ರ ನಾನು ಹೇಳಿದ್ದೇ” ಎಂದರು ಅಪ್ಪ, ನಾನು ಕೇಳದಿದ್ದರೂ.

ಒಂದು ಪತ್ರಿಕೆಗೆ ಮಾತ್ರ ರಬ್ಬರ್ ಬ್ಯಾಂಡ್ ಇರಲಿಲ್ಲ, ಸೆಲ್ಲೋಟೇಪ್ ಅಂಟಿಸಿತ್ತು. ಅದು ತಂಗಿಯ ಮದುವೆಯದು. ‘ಸುಖಾಗಮನ ಬಯಸುವವರು’ ಎಂಬಲ್ಲಿ ಅಮ್ಮನ ಹೆಸರಿನ ನಡುವೆಯೇ ನನ್ನ ಕತ್ತರಿ ಹಾದುಹೋಗಿತ್ತು. ಅಂದು ನಾನದನ್ನು ಗಮನಿಸಿರಲಿಲ್ಲ. ಅಪ್ಪ ಅದರ ಬಗ್ಗೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅದರ ಬೆನ್ನಿಗಿದ್ದ ‘ಮನುಸ್, ಮನೂಸ್’ಗೆ ಈಗ ಬೇರೆ ಕಾರ್ಡು ಮಾಡಿಕೊಳ್ಳಬೇಕು. ಆದರೆ ಇದು ಆಷಾಢ. ಇನ್ನೊಂದು ತಿಂಗಳು ಯಾರ ಮನೆಯಿಂದಲೂ ದಪ್ಪ ಕಾಗದ ಬರುವಂತಿಲ್ಲ.