ಸ್ಪಷ್ಟನೆ: ಪ್ರಾಣಿಗಳಿಗೆ ನೋವಿಲ್ಲ ಎಂದು ಬ್ರಿಟನ್ ಸಂಸತ್ತು ಹೇಳಿಲ್ಲ

‘ಬ್ರೆಕ್ಸಿಟ್ (ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟದ್ದು) ಹೊತ್ತಲ್ಲಿ ಬ್ರಿಟನ್ ಸಂಸದರು ಪ್ರಾಣಿಗಳಿಗೆ ನೋವೇ ಆಗಲ್ಲ ಅಂತ ಮತ ಹಾಕಿದರು’ ಎಂಬ ಮಾತು ಓಡಾಡುತ್ತಿದೆ. ಇದು ನಿಜವಲ್ಲ.

ಪ್ರಾಣಿಗಳಿಗೂ ಸಂವೇದನೆ (ನೋವು, ನಲಿವು ಅನುಭವಿಸುವ ಶಕ್ತಿ) ಇದೆ, ನೀತಿ ರೂಪಿಸುವಾಗ ಅವುಗಳ ಹಿತ ನೋಡಬೇಕು ಎಂದು ಐರೋಪ್ಯ ಒಕ್ಕೂಟದ ಒಪ್ಪಂದದ 13ನೇ ವಿಧಿ ಹೇಳುತ್ತದೆ. ಅದನ್ನು ಬ್ರಿಟನ್ ಕಾನೂನಿಗೂ ತರಬೇಕೆಂಬ ತಿದ್ದುಪಡಿ 2017ರ ನವೆಂಬರ್‌ನಲ್ಲಿ ಬಿದ್ದುಹೋಯಿತು. ಆಗಿದ್ದು ಅಷ್ಟೇ. ತಿದ್ದುಪಡಿ ಬಿದ್ದರೆ ನೋವನ್ನೇ ಅಲ್ಲಗಳೆದಂತೆ ಆಗಲ್ಲ, ಅಲ್ವಾ? ಇಂಗ್ಲೆಂಡ್, ವೇಲ್ಸ್‌ನಲ್ಲಿ ಪ್ರಾಣಿಹಿಂಸೆ ತಡೆಯುವ 2006ರ ಕಾಯ್ದೆ ಆಗಲೂ ಇತ್ತು.

ಹಾಗಂತ ಜನರ ಸಿಟ್ಟು ಸುಮ್ನೆ ಬಂದದ್ದಲ್ಲ. ಒಕ್ಕೂಟ ಬಿಟ್ಟಾಗ ಪ್ರಾಣಿಗಳ ಹಿತ ನೋಡಬೇಕೆಂದು ಸರ್ಕಾರದ ಮೇಲಿದ್ದ ಆ ಹೊಣೆ ಕಳಚಿಹೋಯಿತು. 2022ರಲ್ಲಿ ಪ್ರಾಣಿಗಳ ಸಂವೇದನೆಯನ್ನು ಒಪ್ಪುವ ಪ್ರತ್ಯೇಕ ಕಾಯ್ದೆ ಬಂತು. ಏಡಿ, ಸಿಗಡಿ, ಆಕ್ಟೋಪಸ್‌ಗಳೂ ಅದರಲ್ಲಿವೆ, ಇದು ನಿಜಕ್ಕೂ ಮೆಚ್ಚುವ ಸಂಗತಿ. ಆದರೆ ಆ ಕಾಯ್ದೆಯಡಿ ರಚನೆಯಾದ ಸಮಿತಿ ವರದಿ ಕೊಟ್ಟರೆ ಸಚಿವರು ಮೂರು ತಿಂಗಳೊಳಗೆ ಸಂಸತ್ತಿಗೆ ಉತ್ತರ ಕೊಡಬೇಕು, ವರದಿಯ ಸಲಹೆಯನ್ನು ಪಾಲಿಸಲೇಬೇಕೆಂದಿಲ್ಲ.

ಇನ್ನು ಬ್ರಿಟನ್‌ನಿಂದ ಕುರಿ, ದನಗಳನ್ನು ವಧೆಗೆ ಜೀವಂತ ಹೊರದೇಶಕ್ಕೆ ಸಾಗಿಸುವುದು 2024ರ ಕಾಯ್ದೆಯಿಂದ ನಿಷೇಧವಾಗಿದೆ. ಉತ್ತರ ಐರ್ಲೆಂಡ್‌ಗೆ ಅದು ಅನ್ವಯಿಸುವುದಿಲ್ಲ.