ಪಕ್ಕದ ಮನೆಯಲ್ಲಿ ಔಟ್, ನಮ್ಮನೆಯಲ್ಲಿ ಇನ್ನೂ ರನ್‌ಅಪ್

ಊರಿನಿಂದ ಅಪ್ಪ ಫೋನ್ ಮಾಡಿದ್ದರು. ‘ಇವತ್ತಿನ ಮ್ಯಾಚು ಎಷ್ಟನೇ ನಂಬರಲ್ಲಿ ಬರುತ್ತೋ?’

ಮೂವತ್ತು ವರ್ಷದಿಂದ ಅವರು ಕೇಳುತ್ತಿರುವುದು ಇದೇ ಪ್ರಶ್ನೆ. ಮೊದಲೆಲ್ಲ ಎರಡಂಕಿಯ ಉತ್ತರ ಸಾಕಾಗುತ್ತಿತ್ತು. ಈ ಸಲ ‘ಅಪ್ಪಾ, ಈಗ ನಂಬರ್ ಅಂತೇನೂ ಇಲ್ಲ, ಆ್ಯಪ್‌ನಲ್ಲಿ ಬರುತ್ತೆ’ ಎಂದೆ. ‘ಸರಿ, ಆ ಆ್ಯಪ್ ಎಷ್ಟನೇ ನಂಬರಲ್ಲಿದೆ?’ ಎಂದರು.

ಏನಂತ ವಿವರಿಸೋದು, ನೀವೇ ಹೇಳಿ. 2025ರ ಬೇಸಿಗೆಯಲ್ಲಿ ನಮ್ಮ ತಂಡ ಇಂಗ್ಲೆಂಡಿಗೆ ಹೋಯಿತು. ಟಿವಿಯಲ್ಲಾದರೆ ಸೋನಿ, ಮೊಬೈಲಿನಲ್ಲಾದರೆ ಜಿಯೋಹಾಟ್‌ಸ್ಟಾರ್. ಅದೇ ಮೈದಾನ, ಅದೇ ಚೆಂಡು, ಅದೇ ಮೋಡ. ಸೆಪ್ಟೆಂಬರಿನಲ್ಲಿ ಏಷ್ಯಾ ಕಪ್ ಬಂತು. ಆಗ ಮೊಬೈಲಿನಲ್ಲೂ ಸೋನಿ. ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾ ಪ್ರವಾಸ, ಮತ್ತೆ ಜಿಯೋಹಾಟ್‌ಸ್ಟಾರ್. ಮಗನಿಗೆ ಫಾರ್ಮುಲಾ ಒನ್ ಹುಚ್ಚು, ಅದಕ್ಕೆ ಫ್ಯಾನ್‌ಕೋಡ್. ಟೆನಿಸ್ ನೋಡುವವರಿಗೆ ಫ್ರೆಂಚ್ ಓಪನ್ ಒಂದು ಕಡೆ, ವಿಂಬಲ್ಡನ್ ಇನ್ನೊಂದು ಕಡೆ. ಮಣ್ಣಿನ ಅಂಕಣಕ್ಕೊಂದು ಆ್ಯಪ್, ಹುಲ್ಲಿನ ಅಂಕಣಕ್ಕೊಂದು ಆ್ಯಪ್. ಏಷ್ಯಾ ಕಪ್ಪಿನಲ್ಲಿ ಗೆದ್ದ ತಂಡಕ್ಕೇ ಆ ರಾತ್ರಿ ಕಪ್ ಸಿಗಲಿಲ್ಲ. ಇನ್ನು ನೋಡುವವನಿಗೆ ಸಲೀಸಾಗಿ ಏನು ಸಿಗುತ್ತೆ ಬಿಡಿ.

ನಾನು ಕೇಬಲ್ ತೆಗೆಸಿ ಮೂರು ವರ್ಷವಾಯಿತು. ಆಗ ಆಫೀಸಿನಲ್ಲಿ ಎಲ್ಲರೂ ಅದನ್ನೇ ಮಾಡುತ್ತಿದ್ದರು. ಮನೆಯಲ್ಲಿ ಇನ್ನೂ ಕೇಬಲ್ ಇದೆ ಎಂದರೆ, ಹಿತ್ತಲಲ್ಲಿ ಇನ್ನೂ ಎತ್ತು ಕಟ್ಟಿದ್ದೀಯಾ ಎನ್ನುವಂತೆ ನೋಡುತ್ತಿದ್ದರು. ಬೇಡದ ಇನ್ನೂರು ಚಾನೆಲ್ಲಿಗೆ ಯಾಕೆ ದುಡ್ಡು, ಬೇಕಾದ್ದಕ್ಕೆ ಮಾತ್ರ ಕೊಡೋಣ ಅಲ್ವಾ? ಇದೇ ಮಾತನ್ನು 2019ರಲ್ಲಿ ಫೋನು, ಕೇಬಲ್ಲುಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಟ್ರಾಯ್ ಕೂಡ ಹೇಳಿತ್ತು. ತಿಂಗಳಿಗೆ 130 ರೂಪಾಯಿ ಮೂಲ ಶುಲ್ಕ, ಅದರ ಮೇಲೆ ತೆರಿಗೆ, ಅದರ ಮೇಲೆ ಚಾನೆಲ್‌ಗೊಂದು ಬೆಲೆ. ಗ್ರಾಹಕನೇ ರಾಜ ಎಂದರು. ರಾಜನ ಖರ್ಚು ಯಾವತ್ತೂ ಜಾಸ್ತಿಯೇ ಅಂತ ಆಮೇಲೆ ಗೊತ್ತಾಯಿತು.

ಕೇಬಲ್ ಬೇಡ ಎಂದಾಗ ನಮ್ಮ ಬೀದಿಯ ಕೇಬಲ್‌ನವನು ಜಗಳವಾಡಲಿಲ್ಲ. ಬಾಗಿಲಲ್ಲೇ ನಿಂತು, ಸೆಟ್‌ಟಾಪ್ ಬಾಕ್ಸಿನ ಧೂಳನ್ನು ಅಂಗಿಯ ತೋಳಿನಿಂದ ಒರೆಸಿಕೊಂಡ. ‘ಸಾರ್, ಮ್ಯಾಚ್ ಟೈಮಲ್ಲಿ ಮಾತ್ರ ಫೋನ್ ಮಾಡಬೇಡಿ, ಆಯ್ತಾ’ ಎಂದು ಹೇಳಿ ಹೋದ. ಆಗ ಅರ್ಥವಾಗಲಿಲ್ಲ.

ಅವನ ಬಗ್ಗೆ ಸ್ವಲ್ಪ ಹೇಳಲೇಬೇಕು. ತಿಂಗಳ ಐದನೇ ತಾರೀಕು ಬರುತ್ತಿದ್ದ. ಚಿಲ್ಲರೆ ಇಲ್ಲ ಎಂದರೆ ಮುಂದಿನ ತಿಂಗಳು ನೋಡ್ಕೊಳ್ಳೋಣ ಎನ್ನುತ್ತಿದ್ದ. ಕಂಬದಿಂದ ತೆಂಗಿನಮರಕ್ಕೆ, ಮರದಿಂದ ನಮ್ಮ ಟೆರೇಸಿಗೆ ಅವನ ವೈರು. ಮಳೆ ಬಂದು ಲೈನ್ ಹೋದರೆ ಫೋನ್ ಮಾಡಿ ಮನಸಾರೆ ಬೈಯಬಹುದಿತ್ತು. ಬೈಸಿಕೊಳ್ಳುತ್ತಲೇ ಕಂಬ ಹತ್ತುತ್ತಿದ್ದ. ಅಲ್ಲಿಂದಲೇ ‘ಬಂತಾ ಸಾರ್?’ ಎಂದು ಕೂಗುತ್ತಿದ್ದ. ನಾವು ‘ಇಲ್ಲ’ ಎನ್ನುತ್ತಿದ್ದೆವು. ‘ಈಗ?’ ‘ಈಗ ಬಂತು, ಬಂತು, ಅಯ್ಯೋ ಹೋಯ್ತು!’ ಹಂಚಿನ ಮೇಲೆ ಹತ್ತಿ ದೂರದರ್ಶನದ ಆ್ಯಂಟೆನಾ ತಿರುಗಿಸುತ್ತಿದ್ದ ಕಾಲದಿಂದ ನಡೆದುಬಂದ ಸಂಭಾಷಣೆ ಅದು. ಅಂಗಳದಲ್ಲಿ ನಿಂತು ಒಳಗಿನ ಸುದ್ದಿಯನ್ನು ಮೇಲಕ್ಕೆ ಮುಟ್ಟಿಸುವುದೇ ನನ್ನ ಬಾಲ್ಯದ ದೊಡ್ಡ ಕೆಲಸವಾಗಿತ್ತು.

ಈಗ ಯಾರನ್ನು ಬೈಯಲಿ? ಆ್ಯಪ್‌ನಲ್ಲಿ ‘ಸಹಾಯ’ ಎಂಬ ಗುಂಡಿ ಇದೆ. ಒತ್ತಿದರೆ ಯಂತ್ರವೊಂದು ನಮಸ್ಕಾರ ಹೇಳುತ್ತದೆ. ‘ಮ್ಯಾಚು ನಿಂತುಹೋಗಿದೆ’ ಎಂದು ಬರೆದರೆ, ‘ನಿಮ್ಮ ತೊಂದರೆ ಅರ್ಥವಾಯಿತು, ಹೊಸ ಪ್ಲಾನ್‌ಗಳ ಬಗ್ಗೆ ತಿಳಿಯಬೇಕೇ?’ ಎಂದು ಕೇಳುತ್ತದೆ. ಅದು ಕಂಬ ಹತ್ತುವುದಿಲ್ಲ.

ಇನ್ನು ‘ಲೈವ್’ ವಿಚಾರ. ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕಿ, ಪಕ್ಕದಲ್ಲಿ ಲೈವ್ ಎಂಬ ಅಕ್ಷರ. ನಮ್ಮ ಮೇಲಿನ ಮನೆಯ ರಾಯರು ಇನ್ನೂ ಕೇಬಲ್ ಬಿಟ್ಟಿಲ್ಲ. ನಿವೃತ್ತ ಹೆಡ್‌ಮಾಸ್ಟರು. ಅವರ ಗಂಟಲಿಗೆ ಮೈಕು ಬೇಕಿಲ್ಲ. ಅವರು ‘ಥೂ ನಿನ್ನ!’ ಎಂದರೆ, ನಮ್ಮ ಬ್ಯಾಟ್ಸ್‌ಮನ್ ಇನ್ನರ್ಧ ನಿಮಿಷದಲ್ಲಿ ಔಟಾಗುತ್ತಾನೆ ಎಂದರ್ಥ. ಕೆಳಗೆ ನಮ್ಮ ಪರದೆಯಲ್ಲಿ ಬೌಲರ್ ಇನ್ನೂ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಿರುತ್ತಾನೆ. ಬ್ಯಾಟ್ಸ್‌ಮನ್ ಗ್ಲೌಸ್ ಬಿಗಿ ಮಾಡಿಕೊಳ್ಳುತ್ತಾನೆ, ಫೀಲ್ಡರುಗಳನ್ನು ಲೆಕ್ಕ ಹಾಕುತ್ತಾನೆ. ಪಾಪ, ಅವನಿಗೆ ಗೊತ್ತಿಲ್ಲ. ನನಗೆ ಗೊತ್ತು. ಒಗ್ಗರಣೆ ಹಾಕುತ್ತಿರುವ ಹೆಂಡತಿಗೂ ಗೊತ್ತು. ‘ಇವನೂ ಹೋದ್ನಾ?’ ಎಂದು ಅಡುಗೆಮನೆಯಿಂದಲೇ ಕೇಳುತ್ತಾಳೆ. ‘ಇಲ್ಲ, ಈಗ ಹೋಗ್ತಾನೆ’ ಎನ್ನುತ್ತೇನೆ.

ಇದರಲ್ಲಿ ಒಂದೇ ಕಂಪನಿಯ ತಪ್ಪೇನಿಲ್ಲ, ಸ್ಟ್ರೀಮಿಂಗ್ ಇರುವುದೇ ಹಾಗೆ. ಕೇಬಲ್ಲಿಗೂ ಕೆಲವು ಸೆಕೆಂಡ್ ತಡವಾಗುತ್ತದೆ. ಆದರೆ ಇಂಟರ್ನೆಟ್ಟಿನಲ್ಲಿ ಬರುವ ಆಟ ಇಡ್ಲಿ ಇದ್ದ ಹಾಗೆ. ಒಂದೊಂದಾಗಿ ಬೇಯುವುದಿಲ್ಲ, ತಟ್ಟೆ ಲೆಕ್ಕದಲ್ಲಿ ಬೇಯಬೇಕು. ಆಟವನ್ನು ಕೆಲವು ಸೆಕೆಂಡಿನ ತುಂಡುಗಳಾಗಿ ಕತ್ತರಿಸುತ್ತಾರೆ. ಒಂದೊಂದು ತುಂಡನ್ನೂ ದಪ್ಪ, ಸಣ್ಣ, ತೀರಾ ಸಣ್ಣ ಎಂದು ನಾಲ್ಕೈದು ಅಳತೆಯಲ್ಲಿ ಮಾಡಿಟ್ಟುಕೊಳ್ಳುತ್ತಾರೆ. ಆಮೇಲೆ ಊರೂರಿನ ಸರ್ವರುಗಳಿಗೆ ಹಂಚುತ್ತಾರೆ. ನಮ್ಮ ಫೋನೂ ಜಾಣ. ನಡುವೆ ಖಾಲಿಯಾಗಿ ಮಾನ ಹೋಗಬಾರದೆಂದು ಎರಡು ಮೂರು ತಟ್ಟೆ ಕೂಡಿಟ್ಟುಕೊಂಡೇ ಮೊದಲ ಇಡ್ಲಿ ಬಡಿಸುತ್ತದೆ. ಅಷ್ಟರಲ್ಲಿ ರಾಯರು ಕೈ ತೊಳೆದಿರುತ್ತಾರೆ. ಇನ್ನು ನೆಟ್ ನಿಧಾನವಾದರಂತೂ ತೀರಾ ಸಣ್ಣ ಅಳತೆಯೇ ಗತಿ. ಆಟಗಾರರು ಮೈಸೂರುಪಾಕಿನ ತುಂಡುಗಳಂತೆ ಚೌಕಚೌಕವಾಗುತ್ತಾರೆ. ಚೆಂಡು ಕಾಣುವುದೇ ಇಲ್ಲ. ಅಂಪೈರಿಗೇ ಕಾಣದಿದ್ದ ಮೇಲೆ ನಮಗೇಕೆ ಎಂದು ಸಮಾಧಾನ ಮಾಡಿಕೊಳ್ಳಬೇಕು.

2025ರ ಜೂನ್ 3ರ ರಾತ್ರಿ ನೆನಪಿದೆ ತಾನೇ? ಅಹಮದಾಬಾದಿನಲ್ಲಿ ಐಪಿಎಲ್ ಫೈನಲ್, ನಮ್ಮ ಆರ್‌ಸಿಬಿಗೆ ಪಂಜಾಬ್ ಎದುರಾಳಿ, ಕೊನೆಯ ಓವರ್. ಪಂಜಾಬ್‌ಗೆ 29 ರನ್ ಬೇಕು, ಹೇಜಲ್‌ವುಡ್ ಕೈಯಲ್ಲಿ ಚೆಂಡು. ನಮ್ಮ ಪರದೆಯಲ್ಲಿ ಆ ಓವರ್ ಇನ್ನೂ ಶುರುವೇ ಆಗಿಲ್ಲ, ಬೀದಿಯಲ್ಲಿ ಸರಪಟಾಕಿ! ಮೊದಲೆರಡು ಎಸೆತಕ್ಕೆ ರನ್ನೇ ಬರಲಿಲ್ಲವಂತೆ. ಮೇಲೆ ರಾಯರು ಕುರ್ಚಿ ಬೀಳಿಸಿದರು. ನಾಯಿಗಳು ಓಡಿದವು. ಕೊಹ್ಲಿ ಅಳುವ ಮೊದಲೇ ನಮ್ಮ ಮನೆಯಲ್ಲಿ ಅಳು ಶುರುವಾಗಿತ್ತು. ಹದಿನೆಂಟು ವರ್ಷ ಕಾದವನಿಗೆ ಇನ್ನರ್ಧ ನಿಮಿಷ ಏನು ಮಹಾ ಎನ್ನುತ್ತೀರಿ. ಹದಿನೆಂಟು ವರ್ಷ ಕಾದದ್ದು ಆ ಅರ್ಧ ನಿಮಿಷಕ್ಕೇ ಕಣ್ರೀ! (ಮರುದಿನ ಬೆಂಗಳೂರಿನಲ್ಲಿ ಆದ ಕಾಲ್ತುಳಿತದ ಬಗ್ಗೆ ತಮಾಷೆಯ ಅಂಕಣದಲ್ಲಿ ಬರೆಯುವ ಮನಸ್ಸಿಲ್ಲ.)

ಲಾಗಿನ್ ಪುರಾಣ ಬೇರೆಯೇ ಇದೆ. ನಮ್ಮ ಮನೆಯಲ್ಲಿ ಒಂದು ಆ್ಯಪ್ ನನ್ನದು. ಇನ್ನೊಂದು ದಾವಣಗೆರೆಯ ಭಾವನ ಹೆಸರಿನಲ್ಲಿದೆ. ಹೀಗೆ ಹಂಚಿಕೊಳ್ಳಬಾರದು ಎಂಬುದು ಗೊತ್ತು, ಬೈಯಬೇಡಿ. ಟಾಸ್ ಆಗುವ ಹೊತ್ತಿಗೆ ಆ ಆ್ಯಪ್ ತಾನಾಗಿಯೇ ಲಾಗ್‌ಔಟ್ ಆಗುತ್ತದೆ. ಒಟಿಪಿ ಹೋಗುವುದು ಭಾವನ ಫೋನಿಗೆ. ಮೊನ್ನೆ ಫೋನ್ ಮಾಡಿದರೆ ಭಾವ ಯಾವುದೋ ಮದುವೆಯಲ್ಲಿದ್ದರು.

‘ಭಾವ, ಒಟಿಪಿ ಬಂತಾ?’

‘ಬಂದಿದೆ ಕಣಯ್ಯಾ. ತಡಿ, ಎಡಗೈಲಿ ತೆಗಿಬೇಕು. ಬರ್ಕೋ. ನಾಲ್ಕು, ಏಳು... ಸ್ವಲ್ಪ ಸಾಕು, ಸ್ವಲ್ಪ ಸಾಕು.’

‘ಏನ್ ಭಾವ?’

‘ನಿನಗಲ್ಲ, ಪಾಯಸ ಬಡಿಸೋನಿಗೆ ಹೇಳಿದ್ದು. ಎಲ್ಲಿದ್ದೆ ನಾನು?’

ಪಾಯಸ ಮುಗಿಯುವುದರೊಳಗೆ ಒಟಿಪಿಯ ಆಯಸ್ಸು ಮುಗಿದಿತ್ತು. ಎರಡನೇ ಸಲ ಒಳಗೆ ಹೋದರೆ, ‘ಈ ಖಾತೆಯಲ್ಲಿ ಬೇರೆಯವರು ನೋಡುತ್ತಿದ್ದಾರೆ’ ಎಂದಿತು. ನೋಡುತ್ತಿದ್ದವನು ಅಕ್ಕನ ಮಗ, ಆರು ವರ್ಷದ ಅಳಿಯ. ಕಾರ್ಟೂನು ಹಚ್ಚಿಕೊಂಡಿದ್ದ. ಅವನ ಜತೆ ಹತ್ತು ನಿಮಿಷ ಸಂಧಾನ ಮಾಡಿ, ಮುಂದಿನ ಸಲ ಬಂದಾಗ ಸೈಕಲ್ ತರುತ್ತೇನೆ ಎಂದು ಒಪ್ಪಿಸಿದೆ. ಆ ಪಂದ್ಯದ ಪವರ್‌ಪ್ಲೇ ನನಗೆ ಬಿದ್ದದ್ದು ಒಂದು ಸೈಕಲ್ಲಿಗೆ. ತಿಂಗಳ ಚಂದಾ ಇದರಲ್ಲಿ ಸೇರಿಲ್ಲ.

ದುಡ್ಡಿನ ಮಾತಿಗೆ ಬರೋಣ. 2023ರಲ್ಲಿ ಐಪಿಎಲ್ಲನ್ನು ಜಿಯೋಸಿನಿಮಾ ಪುಕ್ಕಟೆ ತೋರಿಸಿತು. ಎಂಥಾ ಉದಾರಿಗಳಪ್ಪಾ ಎಂದು ಕಣ್ಣು ತುಂಬಿ ಬಂತು. ಗಾಳದ ಎರೆಹುಳ ಕಂಡು ಮೀನು ‘ಅನ್ನದಾತ ಸುಖೀಭವ’ ಎಂದ ಹಾಗೆ. ಆಮೇಲೆ ಜಿಯೋಸಿನಿಮಾ, ಹಾಟ್‌ಸ್ಟಾರ್ ಎಂಬ ಎರಡು ದೊಡ್ಡ ಮನೆಗಳಿಗೆ ಸಂಬಂಧ ಕೂಡಿ ಬಂತು. 2025ರ ಫೆಬ್ರವರಿ 14ರಂದು, ಸರಿಯಾಗಿ ಪ್ರೇಮಿಗಳ ದಿನವೇ, ಜಿಯೋಹಾಟ್‌ಸ್ಟಾರ್ ಹುಟ್ಟಿತು. ಮೂರು ತಿಂಗಳಿಗೆ 149 ರೂಪಾಯಿಯಿಂದ ಶುರು. ಮದುವೆ ಅವರದ್ದು, ಮುಯ್ಯಿ ನಮ್ಮದು.

ಅವರ ಕಷ್ಟವನ್ನೂ ಅರ್ಥ ಮಾಡಿಕೊಳ್ಳಬೇಕು ಬಿಡಿ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ಪಂದ್ಯಕ್ಕೆ ಸುಮಾರು 118 ಕೋಟಿ. ಎರಡೂ ಕಡೆಯ 240 ಎಸೆತಕ್ಕೆ ಹಂಚಿದರೆ ಒಂದು ಎಸೆತಕ್ಕೆ ಹತ್ತಿರ ಹತ್ತಿರ 49 ಲಕ್ಷ. ನಮ್ಮ ಮನೆಯ ವೈಫೈ ಸುರುಳಿ ಸುತ್ತಿಕೊಂಡು ಒಂದು ಎಸೆತ ನುಂಗಿತು ಎಂದರೆ 49 ಲಕ್ಷ ನುಂಗಿದಂತೆ. ಅಷ್ಟು ನುಂಗಿಯೂ ಯಾವ ಕೇಸೂ ಇಲ್ಲದೆ ಆರಾಮಾಗಿ ಮಿನುಗುತ್ತಾ ಕೂತಿದೆ. ಚುನಾವಣೆಗೆ ನಿಲ್ಲಬಹುದು.

ದುಡ್ಡು ಕೊಟ್ಟ ಮೇಲೆ ಜಾಹೀರಾತು ಇರಲ್ಲ ಅಂದುಕೊಂಡಿರಾ? ಜಾಹೀರಾತು ಇಲ್ಲದ ಪ್ಲಾನ್ ಕೊಂಡರೂ ಲೈವ್ ಆಟದಲ್ಲಿ ಜಾಹೀರಾತು ಇದ್ದೇ ಇರುತ್ತದೆ. ಏಲಕ್ಕಿಯ ಜಾಹೀರಾತು. ದೇಶದ ದೊಡ್ಡ ದೊಡ್ಡ ನಟರೆಲ್ಲ ಹೆಲಿಕಾಪ್ಟರಿನಿಂದ ಇಳಿದು ಏಲಕ್ಕಿ ತಿನ್ನುತ್ತಾರೆ. ಬರೀ ಏಲಕ್ಕಿಗೆ ಇಷ್ಟು ವೈಭವ ಎಂದು ಸಕಲೇಶಪುರದ ಬೆಳೆಗಾರರಿಗೆ ಯಾರೂ ಹೇಳಿಯೇ ಇಲ್ಲವೇನೋ. ಅದಕ್ಕೂ ಮುಂಚೆ ತಂಡ ಕಟ್ಟಿ ಕೋಟಿ ಗೆಲ್ಲಿ ಎನ್ನುವ ಜಾಹೀರಾತುಗಳಿದ್ದವು. ಕೊನೆಗೆ ‘ಚಟವಾಗಬಹುದು, ಜವಾಬ್ದಾರಿಯಿಂದ ಆಡಿ’ ಎಂದು ಒಂದೇ ಉಸಿರಿಗೆ ಮಂತ್ರದಂತೆ ಹೇಳುವ ದನಿ. 2025ರ ಆಗಸ್ಟಿನಲ್ಲಿ ಕಾನೂನು ಬಂದು, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೂ ಅವುಗಳ ಜಾಹೀರಾತಿಗೂ ತಡೆ ಬಿತ್ತು. ಅದಕ್ಕೂ ಮೊದಲಿನ ವರ್ಷಗಳಲ್ಲಿ ಓವರಿಗೊಂದು ಸಲ ಅದನ್ನೇ ಕೇಳಿಕೊಂಡು ಬೆಳೆದ ಹುಡುಗರಿಗೆ ಯಾರು ಏನು ಹೇಳಿದರು, ಗೊತ್ತಿಲ್ಲ.

ನಗು ಬರುವುದು ಇಲ್ಲಿಗೆ ನಿಲ್ಲುತ್ತದೆ. ನಮ್ಮೂರಿನ ಬಸ್‌ಸ್ಟ್ಯಾಂಡ್ ಕಟ್ಟೆಯ ಮೇಲೆ ನಾಲ್ಕು ಹುಡುಗರು ಒಂದೇ ಫೋನಿನಲ್ಲಿ ಐಪಿಎಲ್ ನೋಡುತ್ತಾರೆ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕು. ಹದಿನಾರನೇ ಓವರಿಗೆ ಡೇಟಾ ಖಾಲಿ. ಮತ್ತೆ ಬರುವುದು ರಾತ್ರಿ ಹನ್ನೆರಡಕ್ಕೆ. ಮ್ಯಾಚು ಮುಗಿಯುವುದು ಹನ್ನೊಂದೂವರೆಗೆ. ಚಂದಾ ಕಟ್ಟಿದ್ದಾರೆ, ಡೇಟಾಕ್ಕೆ ಕಟ್ಟಿದ್ದಾರೆ, ಕೊನೆಯ ನಾಲ್ಕು ಓವರ್ ಇಲ್ಲ.

2007ರಲ್ಲಿ ಒಂದು ಕಾನೂನು ಮಾಡಿದರು. ದೇಶಕ್ಕೆ ಮುಖ್ಯವಾದ ಆಟಗಳನ್ನು ಹಕ್ಕು ಕೊಂಡವರು ದೂರದರ್ಶನ ನಡೆಸುವ ಪ್ರಸಾರ ಭಾರತಿಯ ಜತೆ ಹಂಚಿಕೊಳ್ಳಬೇಕು ಅಂತ. ಭಾರತ ತಂಡದ ಒಂದು ದಿನದ ಪಂದ್ಯಗಳು, ಟಿ20 ಪಂದ್ಯಗಳು ಆ ಪಟ್ಟಿಯಲ್ಲಿವೆ. ಐಪಿಎಲ್ ಇಲ್ಲ. ಹಾಗೆ ಹಂಚಿಕೊಂಡದ್ದನ್ನು ದೂರದರ್ಶನ ತನ್ನ ಟವರಿನಲ್ಲಿ, ತನ್ನ ಫ್ರೀ ಡಿಶ್‌ನಲ್ಲಿ ಮಾತ್ರ ತೋರಿಸಬೇಕು, ಖಾಸಗಿ ಕೇಬಲ್‌ನವರಿಗೆ ಕೊಡುವಂತಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾನೂನಿನ ಲೆಕ್ಕದಲ್ಲಿ ಸರಿಯೇ ಇರಬಹುದು. ಆದರೆ ದೇಶಕ್ಕೆ ಮುಖ್ಯ ಎಂದು ನೀವೇ ಬರೆದ ಆಟವನ್ನು ನೋಡಲು ಇಷ್ಟು ಬಾಗಿಲು, ಬಾಗಿಲಿಗೊಂದು ಬೀಗ, ಬೀಗಕ್ಕೊಂದು ಒಟಿಪಿ ಯಾಕ್ರೀ? ಎಲ್ಲಾ ಕಡೆ ದುಡ್ಡು ಕೊಟ್ಟೂ ಕಳ್ಳನ ಹಾಗೆ ಒಳಗೆ ಹೋಗಬೇಕು. ಸಾಕಾಗಿದೆ.

ಅಪ್ಪನಿಗೆ ಕೊನೆಗೆ ಫ್ರೀ ಡಿಶ್ ಹಾಕಿಸಿಕೊಟ್ಟೆ. ತಟ್ಟೆ, ಬಾಕ್ಸು ಒಮ್ಮೆ ಕೊಂಡರೆ ಮುಗಿಯಿತು, ತಿಂಗಳ ಬಾಡಿಗೆ ಇಲ್ಲ. ಡಿಡಿ ಸ್ಪೋರ್ಟ್ಸ್ ನಂಬರನ್ನು ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಟ್ಟುಕೊಂಡಿದ್ದಾರೆ. ಮೊನ್ನೆ ಒಂದು ದಿನದ ಪಂದ್ಯ. ಕೊನೆಯ ಓವರ್, ಆರು ರನ್ ಬೇಕು. ರಾಯರು ಮಗಳ ಮನೆಗೆ ಹೋಗಿದ್ದರು. ಮೇಲಿನ ಮನೆ ಶಾಂತ, ಭಾವ ಮನೆಯಲ್ಲೇ ಇದ್ದರು, ಅಳಿಯ ಮಲಗಿದ್ದ, ವೈಫೈ ಮಿನುಗುತ್ತಿತ್ತು. ಇವತ್ತು ಯಾರೂ ಮೊದಲೇ ಹೇಳುವವರಿಲ್ಲ ಎಂದು ಕಾಲು ಚಾಚಿ ಕೂತೆ.

ಬೌಲರ್ ಓಡಲು ಶುರು ಮಾಡಿದ. ಫೋನ್ ರಿಂಗಾಯಿತು. ಪರದೆಯ ಮೇಲೆ, ಸರಿಯಾಗಿ ವಿಕೆಟ್ಟಿನ ಜಾಗದಲ್ಲಿ, ‘ಅಪ್ಪ’ ಎಂದು ಬಂತು.